ಕಣದ ಕ್ಯಾಮೆರಾ, ಲೈಟಿಗೆ ಎಷ್ಟು ಆಂಪ್ ಎಸ್‌ಎಂಪಿಎಸ್?

ಅಣ್ಣಾ, ಕಾಫಿ ಕಣಕ್ಕೆ ನಾಲ್ಕು ಕ್ಯಾಮೆರಾ, ಒಂದು ರೂಟರ್, ಐದು ಮೀಟರ್ ಎಲ್‌ಇಡಿ ಸ್ಟ್ರಿಪ್, ಎಲ್ಲವನ್ನೂ ಸ್ಟೋರಿನಲ್ಲಿಡುವ ಒಂದೇ 12 ವೋಲ್ಟ್ ಎಸ್‌ಎಂಪಿಎಸ್‌ಗೆ (ಮನೆ ಕರೆಂಟನ್ನು 12 ವೋಲ್ಟ್ ಡಿಸಿಗೆ ಇಳಿಸಿಕೊಡುವ ಡಬ್ಬಿ) ಪ್ಯಾರಲಲ್ ಆಗಿ (ಎಲ್ಲದರ ಪ್ಲಸ್ ಒಟ್ಟಿಗೆ, ಮೈನಸ್ ಒಟ್ಟಿಗೆ) ಕೊಡಬೇಕು ಅಂದಿದ್ದೀರಿ. ಹಾಸನದ ಅಂಗಡಿಯಲ್ಲಿ 20 ಆಂಪ್‌ನದು ತೋರಿಸಿದರು, ಕ್ಯಾಮೆರಾ ಸುಟ್ಟುಹೋಗುತ್ತಾ ಅನ್ನೋದು ನಿಮ್ಮ ಭಯ. ಸುಡಲ್ಲ. ಸರಿಹೊಂದಬೇಕಾದ್ದು ವೋಲ್ಟೇಜ್. 12ರ ಕ್ಯಾಮೆರಾಗೆ 24 ಕೊಟ್ಟರೆ ಮುಗೀತು. ಆಂಪ್ ಜಾಸ್ತಿ ಇದ್ದರೆ ಕ್ಯಾಮೆರಾ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಕಮ್ಮಿ ಇದ್ದರೇ ತೊಂದರೆ.

ಪ್ಯಾರಲಲ್‌ನಲ್ಲಿ ವೋಲ್ಟೇಜ್ ಎಲ್ಲದಕ್ಕೂ ಒಂದೇ, ಆಂಪ್ ಕೂಡುತ್ತಾ ಹೋಗುತ್ತದೆ. ಒಂದೊಂದರ ಸ್ಟಿಕರ್ ನೋಡಿ ಬರೆದುಕೊಳ್ಳಿ. ಕ್ಯಾಮೆರಾಗೆ ಅರ್ಧ ಆಂಪ್ ಇದ್ದರೆ ನಾಲ್ಕಕ್ಕೆ 2. ರೂಟರ್‌ಗೆ 1. ಸ್ಟ್ರಿಪ್ ಮೀಟರಿಗೆ 14.4 ವ್ಯಾಟ್‌ನದಾದರೆ ಒಟ್ಟು 72 ವ್ಯಾಟ್, ಅಂದರೆ 6 ಆಂಪ್. ಎಲ್ಲಾ ಸೇರಿ 9. ಎಸ್‌ಎಂಪಿಎಸ್ ಪೂರ್ತಿ ಲೋಡಿನಲ್ಲೇ ಓಡಬಾರದು, ಕಾಲುಭಾಗ ಜಾಸ್ತಿ ಹಿಡಿಯಿರಿ. 12.5 ಆಂಪ್, 150 ವ್ಯಾಟ್‌ನದು ಸಾಕಾಗುತ್ತದೆ.

ಇಷ್ಟು ಲೆಕ್ಕ ಸುಲಭ. ತೋಟದಲ್ಲಿ ಕೈಕೊಡೋದು ವೈರ್. ಸ್ಟೋರಿಂದ ಕಣಕ್ಕೆ 40 ಮೀಟರ್ ಅಂದಿರಿ, ಹೋಗಿ ಬರೋದು ಸೇರಿ 80. 1 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ ಅಷ್ಟು ದೂರಕ್ಕೆ ಸುಮಾರು 1.4 ಓಮ್ ತಡೆ (ರೆಸಿಸ್ಟೆನ್ಸ್) ಬರುತ್ತದೆ. ನಾಲ್ಕೂ ಕ್ಯಾಮೆರಾ ಒಂದೇ ಜೋಡಿ ವೈರಿನಲ್ಲಿದ್ದರೆ 2 ಆಂಪ್‌ಗೆ 2.8 ವೋಲ್ಟ್ ದಾರಿಯಲ್ಲೇ ಹೋಯ್ತು. ಕ್ಯಾಮೆರಾಗೆ ಸಿಗೋದು 9.2. ಹಗಲು ಪಿಕ್ಚರ್ ಚೆನ್ನಾಗೇ ಬರುತ್ತದೆ. ಕತ್ತಲಾಗಿ ಕ್ಯಾಮೆರಾದ ಐಆರ್ ಲೈಟ್ (ರಾತ್ರಿ ನೋಡೋಕೆ ಇರುವ, ನಮ್ಮ ಕಣ್ಣಿಗೆ ಕಾಣದ ಬೆಳಕು) ಹತ್ತಿದ ಕೂಡಲೇ ಎಳೆತ ಜಾಸ್ತಿಯಾಗಿ ಕ್ಯಾಮೆರಾ ಆಫ್ ಆಗಿ ಆನ್ ಆಗುತ್ತಿರುತ್ತದೆ. ಜನ ಸುಮ್ನೆ ಕ್ಯಾಮೆರಾ ಬದಲಾಯಿಸುತ್ತಾರೆ. ಪ್ರತಿ ಕ್ಯಾಮೆರಾಗೂ ಬೇರೆ ವೈರ್ ಎಳೆದರೆ ಬೀಳೋದು ಬರೀ 0.7 ವೋಲ್ಟ್.

ಸ್ಟ್ರಿಪ್ಪಿನ 6 ಆಂಪ್ ಆ ವೈರಿನಲ್ಲಿ ಹೋಗುವ ಮಾತೇ ಇಲ್ಲ. 2.5 ಸ್ಕ್ವೇರ್ ಎಂಎಂ ಹಾಕಿದರೂ 3 ವೋಲ್ಟಿಗಿಂತ ಜಾಸ್ತಿ ಬೀಳುತ್ತದೆ. ಹಾಗಾಗಿ ನಾನಾದರೆ ಎರಡು ಎಸ್‌ಎಂಪಿಎಸ್ ಹಾಕುತ್ತೇನೆ. ಕ್ಯಾಮೆರಾ, ರೂಟರ್‌ಗೆ ಸ್ಟೋರಿನಲ್ಲಿ 5 ಆಂಪ್‌ನದು. ಸ್ಟ್ರಿಪ್‌ಗೆ 10 ಆಂಪ್‌ನದು, ಕಣದ ಪಕ್ಕದಲ್ಲೇ, ಮಳೆನೀರು ಹೋಗದ ಡಬ್ಬಿಯೊಳಗೆ. ಅಲ್ಲಿವರೆಗೆ 230 ವೋಲ್ಟ್ ಲೈನ್ ಹೋಗುತ್ತದೆ, ಆದ್ದರಿಂದ ಅರ್ಥಿಂಗ್, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಎರಡೂ ಬೇಕೇ ಬೇಕು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಆಳುಗಳು ಓಡಾಡುವ ಜಾಗ ಅದು. ಇದನ್ನು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ದೊಡ್ಡ ಎಸ್‌ಎಂಪಿಎಸ್‌ನಿಂದ ಕ್ಯಾಮೆರಾಗೆ ಭಯವಿಲ್ಲ, ಸಣ್ಣ ವೈರಿಗೆ ಇದೆ. ಇಲಿ ಕಡಿದು ಶಾರ್ಟ್ ಆದರೆ ಅಷ್ಟೂ ಆಂಪ್ ಆ ವೈರಿಗೇ ನುಗ್ಗಿ ಬೆಂಕಿ ಹತ್ತಬಹುದು. ಒಂದೊಂದು ಕ್ಯಾಮೆರಾ ಲೈನಿಗೂ 1 ಆಂಪ್ ಫ್ಯೂಸ್ ಹಾಕಿಸಿ.

ಕೆಲವು ಎಸ್‌ಎಂಪಿಎಸ್ ಪಕ್ಕದಲ್ಲಿ 110/220 ಸ್ವಿಚ್ ಇರುತ್ತದೆ. ಕರೆಂಟ್ ಕೊಡುವ ಮೊದಲೇ 220ರಲ್ಲಿದೆಯಾ ನೋಡಿ.

ಕೆಲಸ ಮುಗಿದ ಮೇಲೆ ರಾತ್ರಿ ಎಲ್ಲಾ ಆನ್ ಇರುವಾಗ ಕೊನೇ ಕ್ಯಾಮೆರಾ ಹತ್ತಿರ ಮಲ್ಟಿಮೀಟರ್ ಹಿಡಿಯಿರಿ. 11ಕ್ಕಿಂತ ಕಮ್ಮಿ ತೋರಿಸಿದರೆ ಎಸ್‌ಎಂಪಿಎಸ್ ಮೇಲಿನ ಸಣ್ಣ ಸ್ಕ್ರೂ ತಿರುಗಿಸಿ ಸ್ವಲ್ಪ ಏರಿಸಬಹುದು. ರೂಟರ್‌ಗೂ ಅದೇ ವೋಲ್ಟೇಜ್ ಹೋಗುತ್ತದಲ್ವಾ, 12.5 ದಾಟಿಸಬೇಡಿ.