ಮಾತು ಬಾರದವರು ಕೋರ್ಟಿನಲ್ಲಿ ಸಾಕ್ಷಿ ಹೇಳಬಹುದಾ?

ಖಂಡಿತ ಹೇಳಬಹುದು. ಪಕ್ಕದ ಮನೆಯ ಕಿವುಡ, ಮಾತು ಬಾರದ ಹುಡುಗಿಯ ಸಾಕ್ಷಿ ಕೋರ್ಟಿನಲ್ಲಿ ನಡೆಯಲ್ಲ ಅಂತ ಯಾರೋ ಹೇಳಿದರು, ನಿಜವಾ ಅಂತ ಓದುಗರೊಬ್ಬರು ಕೇಳಿದ್ದಾರೆ. ಹಾಗೆ ಹೇಳಿದ್ದು ತಪ್ಪು.

ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 125ನೇ ಕಲಂ ನೋಡಿ. ಬರೆದು ಅಥವಾ ಸನ್ನೆ ಮಾಡಿ ಹೇಳಿದ್ದೂ ಬಾಯಿಮಾತಿನ ಸಾಕ್ಷಿಯೇ. ಬಾಯಿಮಾತಿನಲ್ಲಿ ಹೇಳಲು ಆಗದಿದ್ದರೆ ಕೋರ್ಟು ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಲೇಬೇಕು, ವಿಡಿಯೋ ಮಾಡಿಸಲೇಬೇಕು.

ಇಲ್ಲಿ ಒಂದು ಮಾತು. ನಮ್ಮ ಹಳ್ಳಿಗಳಲ್ಲಿ ಸಂಜ್ಞಾ ಭಾಷೆ ಕಲಿಯದವರೇ ಜಾಸ್ತಿ, ಮನೆಯವರಿಗಷ್ಟೇ ಗೊತ್ತಿರುವ ಸನ್ನೆ ಅವರದು. ಹಾಗಿದ್ದರೆ ಆ ಸನ್ನೆ ಬಲ್ಲ ಶಿಕ್ಷಕರು ಬೇಕೆಂದು ಸರ್ಕಾರಿ ವಕೀಲರಿಗೆ ಮೊದಲೇ ತಿಳಿಸಿ. ಪ್ರಶ್ನೆ ಕೇಳುವ ರೀತಿಯೂ ಮುಖ್ಯ. ‘ನೀನು ಆವತ್ತು ಅಲ್ಲಿರಲಿಲ್ಲ, ಅಲ್ವಾ?’ ಅಂದಾಗ ಅವಳು ತಲೆಯಾಡಿಸಿದರೆ ಅದು ಹೌದೋ ಅಲ್ಲವೋ? ‘ಆವತ್ತು ಎಲ್ಲಿದ್ದೆ?’ ಅಂತ ಕೇಳಿದರೆ ಕೈ ತೋರಿಸಿ ಹೇಳುತ್ತಾಳೆ.

ವಯಸ್ಸು 18ಕ್ಕಿಂತ ಕಡಿಮೆಯಿದ್ದು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ) ಕೇಸಾಗಿದ್ದರೆ ವಕೀಲರು ನೇರವಾಗಿ ಪ್ರಶ್ನಿಸುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ಆರೋಪಿ ಅವಳ ಕಣ್ಣಿಗೆ ಬೀಳಬಾರದು, ನಡುನಡುವೆ ಬಿಡುವು ಕೊಡಬೇಕು. ಇಂಥವರ ಸಾಕ್ಷಿಗೆ ಪ್ರತ್ಯೇಕ ಕೇಂದ್ರಗಳಿರಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನಿಮ್ಮ ಜಿಲ್ಲಾ ಕೋರ್ಟಿನಲ್ಲಿ ಇದೆಯಾ ವಿಚಾರಿಸಿ.