ಹತ್ತು ಅಂಕ, ಇನ್ನೊಂದು ಶನಿವಾರ

ನ್ಯೂಜೆರ್ಸಿಯ ಎಡಿಸನ್‌ನಿಂದ ಓದುಗರೊಬ್ಬರು ಬರೆದಿದ್ದಾರೆ. ಮಗಳು ಈಗ 12ನೇ ಕ್ಲಾಸು. ಕಾಲೇಜು ಪ್ರವೇಶಕ್ಕಾಗಿ ಬರೆಯುವ ಎಸ್‌ಎಟಿ ಪರೀಕ್ಷೆಯನ್ನು ಎರಡು ಸಲ ಬರೆದಿದ್ದಾಳೆ, ಮಾರ್ಚ್‌ನಲ್ಲಿ 1330, ಜೂನ್‌ನಲ್ಲಿ 1390. ಅವಳಿಗೆ ಹಿಡಿಸಿರುವ ಬೇರೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ 1420 ಇದ್ದರೆ ಮೆರಿಟ್ ಸ್ಕಾಲರ್‌ಶಿಪ್ ವರ್ಷಕ್ಕೆ 4,000 ಡಾಲರ್ ಜಾಸ್ತಿ ಸಿಗುತ್ತದೆ. ಯಜಮಾನರು ‘ಕೋಚಿಂಗ್‌ಗೆ ಹಾಕೋಣ, ಮತ್ತೆ ಬರೀಲಿ’ ಅನ್ನುತ್ತಾರೆ, ಮಗಳು ‘ಸಾಕು’ ಅನ್ನುತ್ತಾಳೆ. ‘ನಮ್ಮ ಕಾಲದಲ್ಲಿ ಫೇಲಾದವರು ಮಾತ್ರ ಮತ್ತೆ ಕಟ್ಟುತ್ತಿದ್ದರು. ಮೂರನೇ ಸಲ ಅಂದರೆ ನನಗೇ ಒಂಥರಾ ಆಗುತ್ತದೆ. ನಾವಿನ್ನೂ ಎಚ್-1ಬಿ ಕೆಲಸದ ವೀಸಾದಲ್ಲೇ ಇದ್ದೇವೆ. ಏನು ಮಾಡಲಿ?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಮಸ್ಕಾರ. ಪತ್ರದ ಕೊನೆಯಲ್ಲಿ, ಸಹಿಯ ಕೆಳಗೆ, ನೀವು ಎರಡೂ ಸಲದ ಅಂಕಗಳನ್ನು ಬಿಡಿಸಿ ಬರೆದಿದ್ದೀರಿ. ನನಗೆ ಇಡೀ ಪತ್ರಕ್ಕಿಂತ ಆ ಎರಡು ಸಾಲೇ ಮುಖ್ಯ ಅನ್ನಿಸಿತು. ಮಾರ್ಚ್‌ನಲ್ಲಿ ಓದು-ಬರಹದಲ್ಲಿ 660, ಗಣಿತದಲ್ಲಿ 670. ಜೂನ್‌ನಲ್ಲಿ ಓದು-ಬರಹ 640ಕ್ಕೆ ಇಳಿದಿದೆ, ಗಣಿತ 750ಕ್ಕೆ ಹತ್ತಿದೆ. ಒಂದು ಪೆನ್ನು ತಗೊಳ್ಳಿ. ಮಾರ್ಚ್‌ನ 660ಕ್ಕೆ ಜೂನ್‌ನ 750 ಸೇರಿಸಿ. 1410 ಬಂತು ಅಲ್ವಾ?

ಹೀಗೆ ಬೇರೆ ಬೇರೆ ದಿನದ ಒಳ್ಳೇ ಅಂಕಗಳನ್ನು ಕೂಡಿಸುವುದಕ್ಕೆ ಸೂಪರ್‌ಸ್ಕೋರ್ ಅನ್ನುತ್ತಾರೆ. ಅಂದರೆ ನಿಮ್ಮ ಮಗಳಿಗೆ ಬೇಕಾಗಿರುವುದು 30 ಅಲ್ಲ, 10. ಎಸ್‌ಎಟಿಯಲ್ಲಿ ಅಂಕ ಏರುವುದೇ ಹತ್ತು ಹತ್ತರಂತೆ, ಹಾಗಾಗಿ ಇದಕ್ಕಿಂತ ಚಿಕ್ಕ ಮೆಟ್ಟಿಲೇ ಇಲ್ಲ. ಗಣಿತದಲ್ಲಿ ಈ ಸಲ ಎಡವಿದರೂ ಪರವಾಗಿಲ್ಲ, ಓದು-ಬರಹದಲ್ಲಿ 670 ಬಂದರೆ ಸಾಕು.

ಆದರೆ ಇದೆಲ್ಲ ನಡೆಯುವುದು ಆ ವಿಶ್ವವಿದ್ಯಾಲಯ ಸ್ಕಾಲರ್‌ಶಿಪ್‌ಗೂ ಸೂಪರ್‌ಸ್ಕೋರ್ ಒಪ್ಪಿದರೆ ಮಾತ್ರ. ‘ಸ್ಕಾಲರ್‌ಶಿಪ್‌ಗೂ’ ಅನ್ನುವುದನ್ನು ಬೇಕೆಂದೇ ಬರೆದೆ, ಪ್ರವೇಶಕ್ಕೆ ಒಂದು ನಿಯಮ, ದುಡ್ಡಿಗೆ ಇನ್ನೊಂದು ನಿಯಮ ಇರುವುದುಂಟು. ರಾಜ್ಯಗಳ ಸ್ಕಾಲರ್‌ಶಿಪ್‌ಗಳನ್ನೇ ನೋಡಿ. ಜಾರ್ಜಿಯಾದ ಜೆಲ್ ಮಿಲ್ಲರ್ ಸ್ಕಾಲರ್‌ಶಿಪ್‌ಗೆ ಬೇಕಾದ 1200 ಒಂದೇ ದಿನದ ಪರೀಕ್ಷೆಯಲ್ಲಿ ಬಂದಿರಬೇಕು. ಪಕ್ಕದ ಫ್ಲಾರಿಡಾದ ಬ್ರೈಟ್ ಫ್ಯೂಚರ್ಸ್‌ನವರು ಕೂಡಿಸಿಕೊಳ್ಳುತ್ತಾರೆ. ಹಾಗಾಗಿ ಇವತ್ತೇ ಸ್ಕಾಲರ್‌ಶಿಪ್ ಆಫೀಸಿಗೆ ಇಮೇಲ್ ಹಾಕಿ: ಸೂಪರ್‌ಸ್ಕೋರ್ ನಡೆಯುತ್ತದಾ, ಯಾವ ತಿಂಗಳ ಪರೀಕ್ಷೆಯವರೆಗೆ ಲೆಕ್ಕಕ್ಕೆ ತಗೊಳ್ಳುತ್ತೀರಿ, ಹಣ ಪ್ರತಿ ವರ್ಷ ಬರಬೇಕಾದರೆ ಕಾಲೇಜಿನಲ್ಲಿ ಎಷ್ಟು ಜಿಪಿಎ (ಸರಾಸರಿ ಅಂಕ) ಇಟ್ಟುಕೊಳ್ಳಬೇಕು. ಫೋನ್ ಬೇಡ. ಉತ್ತರ ಬರಹದಲ್ಲಿರಲಿ.

ನಾಲ್ಕನೇ ಪ್ರಶ್ನೆ ನಿಮ್ಮ ಎಚ್-1ಬಿಗೆ ಸಂಬಂಧಿಸಿದ್ದು. ಮಗಳು ಎಚ್-4ರಲ್ಲಿ, ಅಂದರೆ ಎಚ್-1ಬಿಯವರ ಕುಟುಂಬದ ವೀಸಾದಲ್ಲಿ ಇರುವುದರಿಂದ ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಅವಳಿಗೆ ಸಿಗುವುದಿಲ್ಲ. ಎಲಿಮೆಂಟರಿ ಸ್ಕೂಲಿನಿಂದ ಅಲ್ಲೇ ಓದಿದ್ದರೂ ಅಷ್ಟೇ. (ಎಷ್ಟು ಮನೆಗಳಲ್ಲಿ ಇದು ಗೊತ್ತಾಗುವುದೇ 12ನೇ ಕ್ಲಾಸಿನಲ್ಲಿ ಅರ್ಜಿ ತುಂಬಲು ಕೂತಾಗ!) ಕಾಲೇಜುಗಳೇ ಕೊಡುವ ಮೆರಿಟ್ ಹಣ ಬೇರೆ. ಅದರಲ್ಲಿ ಪೌರತ್ವ ಕೇಳದವರು ಎಷ್ಟೋ ಜನ. ಆದರೆ ಕೆಲವು ಕಡೆ ಹೊರರಾಜ್ಯದವರಿಗೆ ಒಂದು ಪಟ್ಟಿ, ವಿದೇಶಿ ವಿದ್ಯಾರ್ಥಿಗಳಿಗೆ ಇನ್ನೊಂದು ಪಟ್ಟಿ ಇರುತ್ತದೆ. ನಿಮ್ಮ ಹುಡುಗಿ ಯಾವ ಪಟ್ಟಿಗೆ ಸೇರುತ್ತಾಳೆ ಎಂದು ವೀಸಾ ಹೆಸರು ಹೇಳಿಯೇ ಕೇಳಿ. ನೀವು ನೋಡಿರುವ 4,000 ಡಾಲರ್ ಅವಳ ಪಟ್ಟಿಯಲ್ಲಿ ಇಲ್ಲದೇ ಹೋದರೆ ಮೂರನೇ ಸಲದ ಮಾತೇ ಬೇಡ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನಮ್ಮ ಮನೆಯಲ್ಲೇ ಇದೆ. ನನ್ನ ಅಕ್ಕ ಇರುವುದು ಅಟ್ಲಾಂಟಾದಲ್ಲಿ. ಅವಳ ಮಗ ಮೊದಲ ಸಲವೇ 1460 ತೆಗೆದ. ಯಾವುದೋ ಯುಗಾದಿ ಊಟದ ಪಂಕ್ತಿಯಲ್ಲಿ ಯಾರೋ ‘1500 ದಾಟದಿದ್ದರೆ ಸ್ಕಾಲರ್‌ಶಿಪ್ ಇಲ್ಲ ಕಣ್ರೀ’ ಅಂದರಂತೆ. ಅಷ್ಟಕ್ಕೇ ಇನ್ನೂ ಮೂರು ಶನಿವಾರ ಪರೀಕ್ಷೆ. ಅದರಲ್ಲಿ ಒಂದು ಶನಿವಾರ ನಾನೂ ಅಲ್ಲಿದ್ದೆ. ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಕಾರಿನೊಳಗೆ ಕೂತು ಚಿತ್ರಾನ್ನ ತಿಂದೆವು. ಅಕ್ಕ ಒಂದು ತುತ್ತು ತಿಂದು ಡಬ್ಬಿ ಮುಚ್ಚಿದಳು. ಹುಡುಗ ಹೊರಗೆ ಬಂದವನು ಮಾತೇ ಆಡದೆ ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟ. 1500 ಬರಲೇ ಇಲ್ಲ. ಆಮೇಲೆ ಒಂದು ಸಂಜೆ ಅವನು ಸೇರಬೇಕೆಂದಿದ್ದ ಕಾಲೇಜಿನ ಸ್ಕಾಲರ್‌ಶಿಪ್ ಪಟ್ಟಿ ತೆಗೆದು ನೋಡಿದರೆ, ಎಲ್ಲಕ್ಕಿಂತ ಮೇಲಿನ ಸಾಲು ಶುರುವಾಗುವುದೇ 1450ರಿಂದ! ನಾನೂ ಅಲ್ಲೇ ಇದ್ದೆನಲ್ಲ, ಕೇಳಬಹುದಿತ್ತು, ಕೇಳಲಿಲ್ಲ.

ನಿಮ್ಮದು ಹಾಗಲ್ಲ. ನಿಮಗೆ ಗೆರೆ ಎಲ್ಲಿದೆ ಅಂತ ಗೊತ್ತಿದೆ. ಮಗಳು ಗೆರೆಯ ಪಕ್ಕದಲ್ಲೇ ನಿಂತಿದ್ದಾಳೆ. ಅದೇ ಹುಡುಗಿ, ಅದೇ ತಯಾರಿ, ಬೇರೆ ದಿನ ಅಂದರೆ ಎಸ್‌ಎಟಿ ಅಂಕ ಮೂವತ್ತು ನಲವತ್ತು ಆಚೀಚೆ ಆಗುವುದು ಮಾಮೂಲು, ಮಾರ್ಚ್‌ನಿಂದ ಜೂನ್‌ಗೆ ಓದು-ಬರಹ 20 ಇಳಿದದ್ದೂ ಅಷ್ಟೇ, ಅವಳು ದಡ್ಡಿಯಾಗಲಿಲ್ಲ. ಆ ಅದೃಷ್ಟ ಸೂಪರ್‌ಸ್ಕೋರ್‌ನಲ್ಲಿ ಒಂದೇ ಕಡೆಗೆ ಕೆಲಸ ಮಾಡುತ್ತದೆ: ಏರಿದರೆ ಲಾಭ, ಇಳಿದರೆ ಹಳೆಯ ಅಂಕ ಇದ್ದೇ ಇದೆ. ನಾಲ್ಕು ವರ್ಷಕ್ಕೆ 16,000 ಡಾಲರ್. ನನ್ನನ್ನು ಕೇಳಿದರೆ, ಇಮೇಲ್‌ಗೆ ‘ಹೌದು’ ಅಂತ ಉತ್ತರ ಬಂದರೆ ಒಂದು ಸಲ ಬರೆಯಲಿ. ‘ಇಲ್ಲ, ಒಂದೇ ದಿನದ ಅಂಕ ಬೇಕು’ ಅಂದರೆ 30 ಬೇಕಾಗುತ್ತದೆ, ಆಗ ನಿರ್ಧಾರ ಪೂರ್ತಿ ಅವಳದೇ.

ಕೋಚಿಂಗ್ ಬೇಡ. ಗಣಿತವನ್ನು ಮುಟ್ಟುವುದೇ ಬೇಡ ಅನ್ನುವಾಗ ಅಷ್ಟೊಂದು ದುಡ್ಡು ಯಾಕೆ? 2024ರಿಂದ ಅಮೆರಿಕದಲ್ಲೂ ಎಸ್‌ಎಟಿ ಪೂರ್ತಿ ಕಂಪ್ಯೂಟರ್‌ನಲ್ಲಿದೆ. ಪರೀಕ್ಷೆ ಬರೆಯುವ ಬ್ಲೂಬುಕ್ ಆ್ಯಪ್‌ನಲ್ಲೇ ಅಭ್ಯಾಸ ಪರೀಕ್ಷೆಗಳಿವೆ, ಖಾನ್ ಅಕಾಡೆಮಿ ಪಾಠಗಳೂ ಉಚಿತ. ಓದು-ಬರಹದಲ್ಲಿ 27 ಪ್ರಶ್ನೆಗಳ ಎರಡು ಕಂತು, ಒಂದೊಂದಕ್ಕೆ 32 ನಿಮಿಷ. ಮೊದಲ ಕಂತು ಚೆನ್ನಾಗಿ ಮಾಡಿದರೆ ಎರಡನೆಯದು ಕಷ್ಟದ್ದು ಬರುತ್ತದೆ, ದೊಡ್ಡ ಅಂಕ ಇರುವುದು ಅಲ್ಲೇ. ಮೊದಲನೆಯದರಲ್ಲಿ ಎಡವಿದರೆ ಸುಲಭದ ಕಂತು ಬರುತ್ತದೆ, ಅದರಲ್ಲಿ ಎಲ್ಲ ಸರಿ ಮಾಡಿದರೂ ಒಂದು ಮಟ್ಟದ ಮೇಲೆ ಹೋಗುವುದಿಲ್ಲ. ಹಾಗಾಗಿ ಮೊದಲ 32 ನಿಮಿಷ ಅವಸರ ಬೇಡ ಅಂತ ಹೇಳಿ. ಕಾಮಾ, ಅರ್ಧವಿರಾಮ, ಕೋಲನ್ ಎಲ್ಲಿ ಬರಬೇಕು ಅನ್ನುವ ಪ್ರಶ್ನೆಗಳ ನಿಯಮ ಕೈಬೆರಳಲ್ಲಿ ಎಣಿಸುವಷ್ಟೇ ಇವೆ, ಕಲಿತರೆ ಬೇಗ ಅಂಕ ಕೊಡುವುದು ಅವೇ. ಹಿಂದಿನ ಅಭ್ಯಾಸಗಳಲ್ಲಿ ತಪ್ಪಾದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡು ದಿನಕ್ಕೆ ಅರ್ಧ ಗಂಟೆ ನೋಡಲಿ. ಜಾಸ್ತಿ ಬೇಡ, ಅವಳಿಗೆ ಅರ್ಜಿಗಳ ಪ್ರಬಂಧ ಬರೆಯುವುದೂ ಇದೆ.

ಮತ್ತೆ ಕಟ್ಟುವ ನಾಚಿಕೆಯ ಬಗ್ಗೆ: ಊರಲ್ಲೂ ಈಗ ಹಾಗಿಲ್ಲ. 2024ರಿಂದ ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಪರೀಕ್ಷೆ. ಪಾಸಾದವರೂ ಅಂಕ ಜಾಸ್ತಿ ಮಾಡಿಕೊಳ್ಳಲು ಕೂರುತ್ತಾರೆ, ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳುತ್ತಾರೆ. ಮೊನ್ನೆ ನಮ್ಮ ಆಫೀಸಿನ ಪಕ್ಕದ ಜೆರಾಕ್ಸ್ ಅಂಗಡಿಯವರು ‘ಮಗಳು ಎರಡನೇ ಪರೀಕ್ಷೆಗೂ ಕೂತಿದ್ದಾಳೆ ಸಾರ್’ ಅಂತ ಖುಷಿಯಿಂದಲೇ ಹೇಳಿದರು.

ಮಗಳ ‘ಸಾಕು’ ಮಾತ್ರ ಸುಮ್ನೆ ತಳ್ಳಿಹಾಕಬೇಡಿ. ಅವಳ ತಲೆಯಲ್ಲಿ ಇರುವುದು 30 ಅಂಕ, ಅಪ್ಪನ ಕೋಚಿಂಗ್, ಮತ್ತೊಂದು ಬೇಸಿಗೆಯಂಥ ಮೂರು ತಿಂಗಳು. ಆ 660 ಮತ್ತು 750ನ್ನು ಒಂದು ಚೀಟಿಯಲ್ಲಿ ಬರೆದು ಅವಳ ಕೈಯಲ್ಲೇ ಕೂಡಿಸಿ. ಇದೇ ಕೊನೆ ಅಂತ ಯಜಮಾನರಿಂದಲೂ ಮೊದಲೇ ಮಾತು ತಗೊಳ್ಳಿ. ಆಮೇಲೂ ಬೇಡ ಅಂದರೆ ಬಿಟ್ಟುಬಿಡಿ, 1390ಕ್ಕೆ ಸಿಗುವ ಹಣ ಎಲ್ಲೂ ಹೋಗುವುದಿಲ್ಲ.

ಒಪ್ಪಿದರೆ ಅಕ್ಟೋಬರ್ ಪರೀಕ್ಷೆಗೆ ಬೇಗ ಹೆಸರು ಕೊಡಿ, ಹತ್ತಿರದ ಕೇಂದ್ರಗಳು ಬೇಗ ತುಂಬುತ್ತವೆ. ಲ್ಯಾಪ್‌ಟಾಪ್ ಹಿಂದಿನ ರಾತ್ರಿಯೇ ಚಾರ್ಜ್ ಆಗಿರಲಿ. ಮತ್ತೆ ಆ ದಿನ ನೀವು ಪಾರ್ಕಿಂಗ್‌ನಲ್ಲಿ ಕೂರಬೇಡಿ, ಬಿಟ್ಟು ಮನೆಗೆ ಬನ್ನಿ.

– ಸಂ.