ಖೋ ಖೋ ಲೇಖನ ಓದಿದೆ ಸರ, ಈಗ ಛಾಪಿಸಾಕ ಆಗೂದಿಲ್ಲ, ಆದ್ರ ಕೈ ಬಿಡಬ್ಯಾಡ್ರಿ

ಮಾಸ್ತರ್ರಿಗೆ ನಮಸ್ಕಾರ್ರಿ. ಮಾನ್ವಿ ತಾಲೂಕಿನಿಂದ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ, ಅದ ಎಂಟು ವಾರದ ಖೋ ಖೋ ತರಬೇತಿಯಿಂದ ಹೈಸ್ಕೂಲ್ ಹುಡುಗ್ಯಾರ ಚುರುಕುತನ ಎಷ್ಟು ಹೆಚ್ಚಾತು ಅನ್ನೋದು. ನುಡಿ ಫಾಂಟಿನಾಗ ಕಳಿಸಿದ್ರಿ, ಮೊಬೈಲ್‌ನಾಗ ತಗದ್ರ ಒಂದಕ್ಷರ ತಿಳೀಲಿಲ್ಲ, ಆಮ್ಯಾಲೆ ಬಳ್ಳಾರಿ ಆಫೀಸಿಗೆ ಬಂದು ಕನ್ವರ್ಟ್ ಮಾಡಿ ಓದಿದೆ, ಮುಂದಿನ ಸಲ ಯೂನಿಕೋಡ್‌ನಾಗ ಕಳಸ್ರಿ.

ನೇರ ಹೇಳ್ತೀನಿ, ಈಗ ಇರೋ ರೂಪದಾಗ ಇದನ್ನ ನಮ್ಮ ಜರ್ನಲ್‌ನಾಗ ಹಾಕಾಕ ಆಗೂದಿಲ್ಲ. ಆದ್ರ "ಪ್ರಕಟಣೆಗೆ ಯೋಗ್ಯವಿಲ್ಲ" ಅಂತ ಒಂದು ಸಾಲು ಬರದು ಸುಮ್ನಿರಾಕ ಮನಸ್ಸು ಬರಲಿಲ್ಲ, ಯಾಕಂದ್ರ ನಿಮ್ಮ ಕೊನೇ ಪುಟದಾಗ, ಉಪಸಂಹಾರದ ನಡುವ, ಯಾರೂ ಗಮನಿಸದಂಗ ಒಂದು ಸಾಲು ಕುಂತೈತಿ: "ಆರು ವಿದ್ಯಾರ್ಥಿನಿಯರು ಹತ್ತಿ ಬಿಡಿಸಲು ಹೋದ ಕಾರಣ ಅಂತಿಮ ಪರೀಕ್ಷೆಗೆ ಲಭ್ಯರಾಗಲಿಲ್ಲ." ಸರ, ಈ ಸಾಲು ಓದಿ ನಾನು ಮತ್ತ ಮೊದಲಿನಿಂದ ಓದಾಕ ಶುರು ಮಾಡಿದೆ. ಇಡೀ ಲೇಖನದಾಗ ನಿಮ್ಮ ಊರು, ನಿಮ್ಮ ಮಕ್ಕಳು, ನಿಮ್ಮ ಮೈದಾನ ಕಾಣಸೋದು ಇದೊಂದ ಸಾಲಿನಾಗ.

ಈಗ ಲೆಕ್ಕಕ್ಕ ಬರ್ರಿ. ಶುರುವಿಗೆ 30 ಹುಡುಗ್ಯಾರು ಅಂತ ಬರದೀರಿ. ಆರು ಮಂದಿ ಹೋದ್ರ ಉಳದವರು 24. ಕೋಷ್ಟಕದ ಕೆಳಗ ಡಿಎಫ್ (ಡಿಗ್ರೀಸ್ ಆಫ್ ಫ್ರೀಡಂ) 29 ಅಂತ ಐತಿ. ಒಂದ ಗುಂಪಿನ ಮಕ್ಕಳನ್ನ ಮೊದಲೊಮ್ಮೆ ಕೊನೆಗೊಮ್ಮೆ ಅಳದು, ಎರಡನ್ನೂ ಹೋಲಿಸೋ ಪೇರ್ಡ್ ಟಿ ಟೆಸ್ಟ್ ಹಾಕಿದ್ರ ಡಿಎಫ್ ಅನ್ನೋದು ಮಂದಿ ಎಷ್ಟೋ ಅದಕ್ಕ ಒಂದು ಕಮ್ಮಿ, ಅಂದ್ರ 24 ಮಂದಿಗೆ 23 ಬರಬೇಕು. ಹಂಗಾದ್ರ ಆ ಆರು ಮಂದಿಯ ಅಂತಿಮ ಟೈಮ್ ಎಲ್ಲಿಂದ ಬಂತು? ನೀವು ಸುಳ್ಳು ಅಂಕಿ ಹಾಕೀರಿ ಅಂತ ನಾನು ಅನ್ನೂದಿಲ್ಲ, ಬಹುಶಃ ಲೆಕ್ಕ ಮಾಡಿಕೊಟ್ಟವರು ಬ್ಯಾರೆ ಇರಬೇಕು, ಅವರು ಖಾಲಿ ಇದ್ದ ಜಾಗಕ್ಕ ಏನೋ ತುಂಬಿರಬೇಕು. ಆದ್ರ ಹೆಸರು ನಿಮ್ಮದು ಇರ್ತೈತಿ, ಜವಾಬ್ದಾರಿನೂ ನಿಮ್ಮದ. ಡೇಟಾ ಬರಕೊಂಡ ನೋಟ್‌ಬುಕ್ ಎದುರಿಗೆ ಇಟ್ಕೊಂಡು ಒಂದೊಂದ ಅಂಕಿ ನೀವ ತಾಳೆ ನೋಡ್ರಿ. ಪಿ ವ್ಯಾಲ್ಯೂ, ಅಂದ್ರ ತರಬೇತಿಯಿಂದ ಏನೂ ಆಗದಿದ್ರೂ ಇಷ್ಟು ಫರಕ್ ಆಕಸ್ಮಿಕ ಬರೋ ಸಂಭವ, 0.000 ಅಂತನೂ ಬರದೀರಿ, ಲೆಕ್ಕದ ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್ ಹಂಗ ತೋರಸ್ತೈತಿ ನಿಜ, ಆದ್ರ ಪಿ ಎಂದೂ ಸೊನ್ನೆ ಆಗೂದಿಲ್ಲ, 0.001ಕ್ಕಿಂತ ಕಮ್ಮಿ ಅಂತ ಬರೀಬೇಕು. ಸರಾಸರಿ ಪಕ್ಕಕ್ಕ ಎಸ್‌ಡಿ (ಅಂಕಿ ಸರಾಸರಿಯಿಂದ ಎಷ್ಟು ಚದರ್ಯಾವ ಅನ್ನೋ ಅಳತಿ) ಇಲ್ಲ, ಅದೂ ಬೇಕು.

ಇನ್ನ ಫೋಟೋ. ಎರಡು ಹಚ್ಚೀರಿ, ಶುರುವಿನ ಟೆಸ್ಟಿಂದೊಂದು, ಕೊನೇ ಟೆಸ್ಟಿಂದೊಂದು. ಮೊದಲನೇದರಾಗ ನಿಮ್ಮ ಶಾಲಿ ಮೈದಾನ, ಎರಿ ಮಣ್ಣು, ಅಲ್ಲಲ್ಲಿ ಬಿರುಕು, ಹುಡುಗ್ಯಾರು ಬರಿಗಾಲಿಲೆ ನಿಂತಾರ. ಎರಡನೇದರಾಗ ಕೆಂಪು ಮೊರಂ ಹಾಕಿದ ಮೈದಾನ, ಎಲ್ಲಾರ ಕಾಲಾಗ ಕ್ಯಾನ್ವಾಸ್ ಬೂಟು. ಶಟಲ್ ರನ್ (ಎರಡು ಗೆರಿ ನಡುವ ಹೋಗಿ ಬಂದು ಓಡೋ ಟೆಸ್ಟ್) ಟೈಮ್ 12.4 ಸೆಕೆಂಡ್ ಇದ್ದದ್ದು 11.9 ಆತು ಅಂತ ನೀವು ಹೇಳ್ತೀರಿ. ಆ ಅರ್ಧ ಸೆಕೆಂಡಿನಾಗ ತರಬೇತಿದು ಎಷ್ಟು, ಬೂಟಿಂದು ಎಷ್ಟು, ಮೈದಾನದ್ದು ಎಷ್ಟು? ಚುರುಕುತನದ ಟೆಸ್ಟ್ ಅಂದ್ರ ಗಕ್ಕನ ನಿಂತು ತಿರುಗೋದು, ಅಲ್ಲಿ ಕಾಲಿಗೆ ಹಿಡಿತ ಸಿಕ್ಕೋದ ಮುಖ್ಯ, ಎರಿ ಮಣ್ಣಿನ ಪುಡಿಯೊಳಗ ಬರಿಗಾಲು ಜಾರ್ತೈತಿ ಅನ್ನೋದು ನನಗಿಂತ ನಿಮಗ ಚಂದ ಗೊತ್ತು. ಲೇಖನದಾಗ ಇದರ ಬಗ್ಗೆ ಒಂದು ಮಾತಿಲ್ಲ. ಫೋಟೋ ಇರಲಿಲ್ಲ ಅಂದ್ರ ನನಗೂ ಗೊತ್ತಾಗ್ತಿರಲಿಲ್ಲ.

ಟೈಮ್ ಹಿಡಿದವರು ಯಾರು, ಎಷ್ಟು ಮಂದಿ? ಅದೂ ಇಲ್ಲ. ಅಥ್ಲೆಟಿಕ್ಸ್ ರೂಲ್ ಪ್ರಕಾರ ಮೂರು ಮಂದಿ ಸ್ಟಾಪ್‌ವಾಚ್ ಹಿಡದು ಮೂರೂ ಬ್ಯಾರೆ ಬಂದ್ರ ನಡುವಿನ ಟೈಮ್ ತಗೋತೀವಿ, ಇಬ್ಬರ ಇದ್ರ ಹೆಚ್ಚಿಂದು, ಕೈಯಿಂದ ಹಿಡಿದ ಟೈಮ್ 12.31 ಬಂದ್ರ 12.4 ಅಂತ ಮ್ಯಾಲಕ್ಕ ಬರಕೋತೀವಿ. ನೀವು ತಾಲೂಕು ಮಟ್ಟದ ಸ್ಪೋರ್ಟ್ಸ್‌ನಾಗ ವರ್ಷಾ ಮಾಡೋ ಕೆಲಸನ ಇದು, ಅದನ್ನ ಹಂಗ ಬರದ್ರ ಸಾಕು. ಶಟಲ್ ರನ್ ಅಂದ್ರ ಯಾವುದು ಅನ್ನೋದನ್ನೂ ಹೇಳ್ರಿ, ಹತ್ತು ಮೀಟರಾ ಹತ್ತು ಗಜಾನಾ, ಯಾಕಂದ್ರ ಹತ್ತು ಗಜ ಅಂದ್ರ 9.14 ಮೀಟರ್, ನಾಲ್ಕು ಸಲ ಓಡಿದ್ರ ಮೂರು ಮೀಟರ್ ಮ್ಯಾಲೆ ಫರಕ್ ಬೀಳ್ತೈತಿ. ಕಟ್ಟಿಗಿ ತುಂಡು ಎತ್ತಿಕೊಂಡು ಬಂದ್ರೋ, ಬರೇ ಗೆರಿ ಮುಟ್ಟಿ ಬಂದ್ರೋ, ಎಷ್ಟು ಛಾನ್ಸ್ ಕೊಟ್ರಿ, ಮುಂಜಾನೆನೋ ಮಧ್ಯಾಹ್ನದ ಬಿಸಿಯೂಟ ಆದ ಮ್ಯಾಲೋ, ಇವೆಲ್ಲಾ ಬೇಕು. ಇನ್ನೊಬ್ಬ ಪಿಟಿ ಮಾಸ್ತರ ಕುಷ್ಟಗಿಯೊಳಗೋ ಸಂಡೂರಿನಾಗೋ ಕುಂತು ನಿಮ್ಮ ಲೇಖನ ಓದಿ ಮರುದಿನ ಮೈದಾನಕ್ಕ ಇಳದು ಅದನ್ನ ಮಾಡೂವಂಗ ಇರಬೇಕು, ವಿಧಾನ ಅನ್ನೋ ಭಾಗ ಇರೋದ ಅದಕ್ಕ.

ಆದ್ರ ನೀವು ವಿಧಾನಕ್ಕ ಕೊಟ್ಟಿದ್ದು ಎಂಟ ಸಾಲು. ಪ್ರಸ್ತಾವನೆಗೆ ನಾಲ್ಕು ಪುಟ! ವೇದಕಾಲದ ವ್ಯಾಯಾಮ, ಗ್ರೀಸ್ ಒಲಿಂಪಿಕ್ಸ್, ಧ್ಯಾನ್‌ಚಂದ್, ಆಗಸ್ಟ್ 29ರ ಕ್ರೀಡಾ ದಿನ, 2019ರ ಫಿಟ್ ಇಂಡಿಯಾ, ಎಲ್ಲಾ ಬಂದಾವ. ಖೋ ಖೋ ಮಾತ್ರ ಇಲ್ಲ. 2025ರ ಜನವರಿಯೊಳಗ ದಿಲ್ಲಿಯಾಗ ಮೊದಲ ಖೋ ಖೋ ವಿಶ್ವಕಪ್ ಆಗಿ ನಮ್ಮ ಹುಡುಗ್ರು ಹುಡುಗ್ಯಾರು ಎರಡೂ ಕಪ್ ಗೆದ್ದಾರ, ಅದರ ಬಗ್ಗೆನೂ ಇಲ್ಲ. ಮತ್ತ ಆ ನಾಲ್ಕು ಪುಟದ ಭಾಷಾ ನಿಮ್ಮದಲ್ಲ ಸರ, ಯಾವುದೋ ಇಂಗ್ಲಿಷ್ ಪ್ರಬಂಧದಿಂದ ಎತ್ತಿ ಕನ್ನಡಕ್ಕ ತಿರುಗಿಸಿದ್ದು ಅಂತ ಎರಡನೇ ಪ್ಯಾರಾಕ್ಕ ಗೊತ್ತಾಗ್ತೈತಿ. ಅನುವಾದ ಮಾಡಿದ್ರೂ ಕದ್ದದ್ದು ಕದ್ದದ್ದ, ಯೂನಿವರ್ಸಿಟಿಗಳನ್ನ ನೋಡ್ಕೊಳ್ಳೋ ಯುಜಿಸಿಯ 2018ರ ನಿಯಮದಾಗ ಬ್ಯಾರೆಯವರ ಬರವಣಿಗೆ ಜೊತಿ ಹೋಲಿಕೆ ಹತ್ತು ಪರ್ಸೆಂಟ್ ದಾಟಿದ್ರ ಕ್ರಮ ಅಂತೈತಿ. ನಾಲ್ಕು ಪುಟ ತಗದು ಒಂದು ಪುಟ ಮಾಡ್ರಿ. ಕುಂತ ಎಂಟು ಮಂದಿಯೊಳಗ ಒಬ್ಬಾಕಿ ಖೋ ಕೇಳಿದ ಕೂಡಲೆ ಎದ್ದು ಓಡಬೇಕು, ಒಂದು ದಿಕ್ಕು ಹಿಡದ ಮ್ಯಾಲೆ ಕಂಬದ ಗೆರಿ ಮುಟ್ಟೂತನಕ ಹಿಂದಕ್ಕ ತಿರುಗೂವಂಗಿಲ್ಲ, ತಪ್ಪಿಸಿಕೊಳ್ಳೋ ಹುಡುಗಿ ಮಾತ್ರ ಎತ್ತ ಬೇಕಾದ್ರೂ ತಿರುಗಬಹುದು. ಹಂಗಾದ್ರ ಈ ಇಬ್ಬರೊಳಗ ಚುರುಕುತನ ಬೆಳೆಯೋದು ಒಂದ ತರಾನಾ? ಇಂಥಾ ಪ್ರಶ್ನೆ ಇಟ್ಕೊಂಡು ಶುರು ಮಾಡ್ರಿ. ಎಂಟು ವಾರ ಏನ ಮಾಡ್ಸಿದ್ರಿ ಅನ್ನೋದನ್ನ ವಾರಾವಾರಿ ಬರೀರಿ, ಕಂಬ ಹಿಡದು ಜಿಗಿದು ಮುಟ್ಟೋ ಪೋಲ್ ಡೈವ್ ಎಷ್ಟು ಹೊತ್ತು, ಕುಂತವರ ನಡುವ ಹಾವಿನಂಗ ಓಡೋ ಚೈನ್ ಆಟ ಎಷ್ಟು ಹೊತ್ತು. "ದಿನಾ ಒಂದು ತಾಸು ತರಬೇತಿ" ಅಂದ್ರ ಏನೂ ತಿಳಿಯೂದಿಲ್ಲ.

ಒಪ್ಪಿಗೆ ಪತ್ರದ ವಿಷಯ. ಹೆಡ್‌ಮಾಸ್ತರ್ರ ಅನುಮತಿ ಪತ್ರ ಹಚ್ಚೀರಿ, ಅದು ಬೇಕು, ಆದ್ರ ಸಾಲೂದಿಲ್ಲ. ಮಕ್ಕಳ ಅವ್ವ ಅಪ್ಪನ ಸಹಿ ಬೇಕು, ಹನ್ನೆರಡು ದಾಟಿದ ಮಕ್ಕಳದಾದ್ರ ಅವರದೂ ಬರವಣಿಗೆಯೊಳಗ ಬೇಕು. ಓದಾಕ ಬಾರದ ತಾಯಿ ಇದ್ರ ಓದಿ ಹೇಳಿ ಹೆಬ್ಬಟ್ಟು ಒತ್ತಿಸಿ, ಓದಾಕ ಬರೋ ಹೊರಗಿನವರೊಬ್ಬರ ಸಾಕ್ಷಿ ಸಹಿ ಹಾಕಿಸ್ರಿ. ಮುಂದಿನ ವರ್ಷದ ಕೆಲಸಕ್ಕ ಇದನ್ನ ಮೊದಲ ಮಾಡ್ರಿ. ಈ ಸಲ ಏನಾಗಿತ್ತು ಅನ್ನೋದನ್ನ ಇದ್ದಂಗ ಬರದು ಕಳಸ್ರಿ, ಏನ ಮಾಡಾಕ ಬರ್ತೈತಿ ನೋಡೂಣು. ಈಗ ಹಿಂದಿನ ತಾರೀಖು ಹಾಕಿ ಸಹಿ ಮಾತ್ರ ಮಾಡಸಬ್ಯಾಡ್ರಿ, ದಯವಿಟ್ಟು.

ಲೇಖಕರ ಹೆಸರಿನಾಗ ನಿಮ್ಮ ಹೆಸರು ಮೂರನೇದು. ಮೊದಲನೇ ಎರಡು ಹೆಸರು ಮ್ಯಾಲಿನ ಅಧಿಕಾರಿಗಳದು ಅಂತ ನಿಮ್ಮ ಪತ್ರ ಓದಿದ ಮ್ಯಾಲೆ ತಿಳೀತು. ಬಿಸಿಲಾಗ ನಿಂತವರು ನೀವು, ಅಳದವರು ನೀವು, ಬರದವರು ನೀವು. ಅನುಕೂಲ ಮಾಡಿಕೊಟ್ಟವರಿಗೆ ಕೊನೆಗೆ ಕೃತಜ್ಞತೆ ಅಂತ ಒಂದು ಸಾಲು ಐತಿ, ಅಲ್ಲಿ ಹಾಕ್ರಿ. ಹೇಳಾಕ ಮುಜುಗರ ಆಗ್ತೈತಿ ಅಂದ್ರ ಸಂಪಾದಕರು ಒಪ್ಪಂಗಿಲ್ಲ ಅಂತ ನನ್ನ ಮ್ಯಾಲೆ ಹಾಕಿ ಹೇಳ್ರಿ, ನಾನು ಬೇಕಾದ್ರ ಪತ್ರ ಬರದು ಕೊಡ್ತೀನಿ.

ಇದ ಲೇಖನ ಇನ್ನೂ ಎರಡು ಕಡೆ ಕಳಸೀನಿ ಅಂದೀರಿ. ಎರಡೂ ಕಡೆಯಿಂದ ವಾಪಸ್ ತಗೋರಿ, ಒಂದು ಲೇಖನ ಒಂದ ಹೊತ್ತಿಗೆ ಒಂದ ಕಡೆ ಇರಬೇಕು. ರೊಕ್ಕ ಕಟ್ಟಿದ್ರ ಮೂರು ದಿನದಾಗ ಛಾಪಿಸ್ತೀವಿ ಅಂತ ವಾಟ್ಸಾಪ್‌ನಾಗ ಬರೋ ಮೆಸೇಜು ನಂಬಬ್ಯಾಡ್ರಿ, ಲೇಖನ ಓದಿ ತಪ್ಪು ಹೇಳಾಕನ ಮೂರು ದಿನ ಸಾಲೂದಿಲ್ಲ, ಮೂರು ದಿನದಾಗ ಛಾಪಿಸವರು ಓದಿರೂದಿಲ್ಲ.

ನಿಮ್ಮಲ್ಲಿ ಹೋಲಿಕೆಗೆ ಇನ್ನೊಂದು ಗುಂಪಿಲ್ಲ ಅನ್ನೋದು ದೊಡ್ಡ ಕೊರತೆ. ಎಂಟು ವಾರದಾಗ ಹುಡುಗ್ಯಾರು ಬೆಳೀತಾರ, ಎರಡನೇ ಸಲ ಟೆಸ್ಟ್ ಓಡೋವಾಗ ರೂಢಿನೂ ಆಗಿರ್ತೈತಿ, ತರಬೇತಿ ಇಲ್ದನೂ ಟೈಮ್ ಸ್ವಲ್ಪ ಕಮ್ಮಿ ಆಗ್ತೈತಿ. ಅದನ್ನ ಮಿತಿ ಅಂತ ನೀವ ಬಾಯಿಬಿಟ್ಟು ಬರದ್ರ ಲೇಖನದ ಬೆಲೆ ಕಮ್ಮಿ ಆಗೂದಿಲ್ಲ.

ಹೋಲಿಸಿ ನೋಡಾಕ ಬ್ಯಾರೆ ಗುಂಪಿಲ್ಲ, ಅದಕ್ಕ ಕೇಳ್ತೀನಿ, ಆ ಆರು ಹುಡುಗ್ಯಾರು ಹತ್ತಿ ಬಿಡಿಸೋದು ಮುಗಿಸಿ ಶಾಲಿಗೆ ವಾಪಸ್ ಬಂದ್ರೇನು? ಬಂದ ಮ್ಯಾಲೆ ಅವರದೂ ಟೈಮ್ ಹಿಡಿದೀರೇನು? ಆರು ಮಂದಿಯಿಂದ ಏನೂ ಸಾಬೀತು ಆಗೂದಿಲ್ಲ, ಗೊತ್ತು, ಆದ್ರ ಎಷ್ಟು ವಾರ ಆಟಕ್ಕ ಬಂದಿದ್ರು, ಎಷ್ಟು ವಾರ ಹೊಲದಾಗಿದ್ರು ಅನ್ನೋದು ಹಾಜರಿ ಪುಸ್ತಕದಾಗ ಇದ್ರ ಅದನ್ನೂ ಒಂದು ಸಣ್ಣ ಕೋಷ್ಟಕ ಮಾಡಿ, ಹೆಸರು ತಗದು, ಹೊಸ ಲೇಖನದ ಜೊತಿಗೆ ಕಳಸ್ರಿ. ಅದನ್ನ ನಾನ ಕುಂತು ನೋಡ್ತೀನಿ.